ಎಲೆಕ್ಟ್ರಾನ್‌ಗಳ ಉದ್ರಿ ಲೆಕ್ಕ

ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಶಿವಯೋಗ ಮಂದಿರದ ವಿಭೂತಿ ನಮ್ಮ ಉತ್ತರ ಕರ್ನಾಟಕದ ಮನೆಮನೆಗೂ ಗೊತ್ತು. 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮೀಜಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಹಸುವಿನ ಸಗಣಿ ಸುಟ್ಟ ಬೂದಿಯಿಂದ ವಿಭೂತಿ ತಯಾರಾಗುತ್ತದೆ. ಭಕ್ತರಿಗೆ ಅದು ಹಣೆಯ ಮೇಲಿನ ಮೂರು ಗೆರೆ. ರಸಾಯನ ವಿಜ್ಞಾನ ಓದುವವರಿಗೆ ಬೂದಿ ಎಂಬ ವಸ್ತುವಿನಲ್ಲಿ ಒಂದು ಒಳ್ಳೆಯ ಪ್ರಶ್ನೆಯೂ ಅಡಗಿದೆ.

ಸಗಣಿಯಾಗಲಿ, ಕಟ್ಟಿಗೆಯಾಗಲಿ, ಸುಟ್ಟ ಬೂದಿಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದೇ ಇರುತ್ತವೆ. ಕಾಲೇಜಿನ ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಲೋಹವನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಅದರ ಸಣ್ಣ ಚೂರು ನೀರಿಗೆ ಬಿದ್ದರೂ ಸಾಕು, ತಿಳಿನೇರಳೆ ಬಣ್ಣದ ಜ್ವಾಲೆ ಏಳುತ್ತದೆ. ಆದರೆ ಬೂದಿಯನ್ನು ನೀರಿನಲ್ಲಿ ಕಲಸಿದರೆ ಬೆಂಕಿ ಏಳುವುದಿಲ್ಲ. ನಮ್ಮ ಅಜ್ಜಿಯರು ಒದ್ದೆ ಬೂದಿಯಿಂದಲೇ ವರ್ಷಾನುಗಟ್ಟಲೆ ಪಾತ್ರೆ ತಿಕ್ಕಿದ್ದಾರೆ. ಎರಡೂ ಕಡೆ ಇರುವುದು ಪೊಟ್ಯಾಸಿಯಂ ತಾನೆ? ಹೌದು. ವ್ಯತ್ಯಾಸ ಒಂದೇ ಒಂದು ಎಲೆಕ್ಟ್ರಾನಿನದು. ಲೋಹದಲ್ಲಿ ಪ್ರತಿ ಪರಮಾಣುವಿಗೆ 19 ಎಲೆಕ್ಟ್ರಾನ್, ಬೂದಿಯಲ್ಲಿ 18.

ಆ ಹೆಸರೇ ಬೂದಿಯಿಂದ ಬಂದದ್ದು. ಮಡಕೆಯಲ್ಲಿ ತಯಾರಿಸುತ್ತಿದ್ದ ಬೂದಿಯ ಕ್ಷಾರಕ್ಕೆ ಯುರೋಪಿನಲ್ಲಿ ‘ಪೊಟ್ಯಾಶ್’ ಎನ್ನುತ್ತಿದ್ದರು. 1807ರಲ್ಲಿ ಹಂಫ್ರಿ ಡೇವಿ ಅದರಿಂದ ತೆಗೆದ ಕ್ಷಾರವನ್ನು ಕರಗಿಸಿ, ವಿದ್ಯುತ್ ಹರಿಸಿ ಲೋಹವನ್ನು ಬೇರ್ಪಡಿಸಿದ. ಬೂದಿಯ ಪೊಟ್ಯಾಸಿಯಂ ಕಳೆದುಕೊಂಡಿದ್ದ ಒಂದು ಎಲೆಕ್ಟ್ರಾನನ್ನು ವಿದ್ಯುತ್ ಮೂಲಕ ಮರಳಿ ಕೊಟ್ಟಿದ್ದೇ ಅವನ ಸಾಧನೆ.

ಇಷ್ಟು ದೊಡ್ಡ ವಿಷಯವನ್ನು ನಾವು ಪಿಯುಸಿಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಓದುತ್ತೇವೆ. ‘ಈ ಅಯಾನಿನಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ?’ ಸಿಇಟಿಯಲ್ಲಿ ರಸಾಯನ ವಿಜ್ಞಾನದ 60 ಪ್ರಶ್ನೆಗಳಿಗೆ 80 ನಿಮಿಷ. ಅಂದರೆ ಒಂದಕ್ಕೆ 80 ಸೆಕೆಂಡ್. ಅಷ್ಟರಲ್ಲಿ ಕೂಡಬೇಕೋ ಕಳೆಯಬೇಕೋ ಎಂದು ತಡವರಿಸಿದರೆ ಮುಂದಿನ ಪ್ರಶ್ನೆಯ ಸಮಯವೂ ಹೋಗುತ್ತದೆ.

ಮೊದಲ ಹೆಜ್ಜೆ ಸುಲಭ. ಪ್ರತಿ ಧಾತುವಿಗೂ ಒಂದು ಪರಮಾಣು ಸಂಖ್ಯೆ ಇದೆ. ಅದು ಬೀಜಕೇಂದ್ರದಲ್ಲಿರುವ ಪ್ರೋಟಾನ್‌ಗಳ ಸಂಖ್ಯೆ. ಧಾತುಗಳ ಸಾಲಿಗೆ ಈ ಸಂಖ್ಯೆಯೇ ಆಧಾರ ಎಂದು 1913ರಲ್ಲಿ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳ ಮೂಲಕ ತೋರಿಸಿದ. ಪ್ರೋಟಾನ್ 19 ಇದ್ದರೆ ಅದು ಪೊಟ್ಯಾಸಿಯಂ, 20 ಇದ್ದರೆ ಕ್ಯಾಲ್ಸಿಯಂ. ಆವೇಶವಿಲ್ಲದ ಪರಮಾಣುವಿನಲ್ಲಿ ಪ್ರೋಟಾನ್ ಎಷ್ಟೋ ಎಲೆಕ್ಟ್ರಾನೂ ಅಷ್ಟೇ.

ತೊಡಕು ಶುರುವಾಗುವುದು ತಲೆಯ ಮೇಲೆ ಪ್ಲಸ್, ಮೈನಸ್ ಬಂದಾಗ. ರಜೆಗೆ ಊರಿಗೆ ಬಂದಾಗಲೆಲ್ಲ ನಾನು ಓಣಿಯ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಅವರಲ್ಲೊಬ್ಬಳು ಕೇಳಿದ್ದಳು, ‘ಅಕ್ಕಾ, ಪ್ಲಸ್ ಅಂದ್ರ ಕೂಡಸೂದಲ್ಲೇನ? ನೀ ಕಳಿ ಅಂತೀಯಲ್ಲ?’ ಇದು ದಡ್ಡ ಪ್ರಶ್ನೆಯಲ್ಲ. ಒಂದನೇ ತರಗತಿಯಿಂದ ಪ್ಲಸ್ ಎಂದರೆ ಕೂಡು ಎಂದು ಕಲಿತ ಮನಸ್ಸು ಹೀಗೆ ಕೇಳಲೇಬೇಕು.

ಗೊಂದಲಕ್ಕೆ ಕಾರಣ ಇತಿಹಾಸದಲ್ಲಿದೆ. 18ನೇ ಶತಮಾನದ ನಡುವಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುದಾವೇಶದ ಎರಡು ಬಗೆಗೆ ಪ್ಲಸ್, ಮೈನಸ್ ಎಂದು ಹೆಸರಿಟ್ಟ. ಎಲೆಕ್ಟ್ರಾನ್ ಎಂಬ ಕಣ ಇದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಜೆ.ಜೆ. ಥಾಮ್ಸನ್ ಗುರುತಿಸಿದ್ದು 1897ರಲ್ಲಿ. ಫ್ರಾಂಕ್ಲಿನ್ ಲೆಕ್ಕದ ಪ್ರಕಾರ ಅದರ ಪಾಲಿಗೆ ಬಂದದ್ದು ಮೈನಸ್. ಹೀಗಾಗಿ ಎಲೆಕ್ಟ್ರಾನ್ ಬಂದರೆ ಮೈನಸ್, ಹೋದರೆ ಪ್ಲಸ್ ಆಯಿತು.

ಇಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವರ ಕೈಯಲ್ಲಿ ಒಂದು ಒಳ್ಳೆಯ ಕೀಲಿಕೈ ಇದೆ. ನಮ್ಮ ಪಠ್ಯದಲ್ಲಿ ಇವು ಧನ ಅಯಾನು, ಋಣ ಅಯಾನು. ಋಣ ಎಂದರೆ ಸಾಲ. ಕಿರಾಣಿ ಅಂಗಡಿಯ ಉದ್ರಿ ಖಾತೆ ನೆನಪಿಸಿಕೊಳ್ಳಿ. ಒಂದು ಕಿಲೋ ಸಕ್ಕರೆ ಉದ್ರಿ ತಂದವರ ತಲೆಯ ಮೇಲೆ ಋಣ ಏರುತ್ತದೆ, ಆದರೆ ಅವರ ಮನೆಯ ಡಬ್ಬಿಯಲ್ಲಿ ಸಕ್ಕರೆ ಹೆಚ್ಚುತ್ತದೆ. ಕೊಟ್ಟ ಅಂಗಡಿಯವರ ಖಾತೆಯಲ್ಲಿ ಬರಬೇಕಾದ ಧನ ಏರುತ್ತದೆ, ಆದರೆ ಅಂಗಡಿಯ ಸಕ್ಕರೆ ಇಳಿಯುತ್ತದೆ. ಎಲೆಕ್ಟ್ರಾನ್ ಎಂದರೆ ಆ ಸಕ್ಕರೆ. ಆವೇಶ ಎಂದರೆ ಖಾತೆಯಲ್ಲಿ ಬರೆದ ಬಾಕಿ. ಸಾಲ ಮಾಡಿದ ಋಣ ಅಯಾನಿನಲ್ಲಿ ಎಲೆಕ್ಟ್ರಾನ್ ಹೆಚ್ಚು, ಕೊಟ್ಟು ಕೂತ ಧನ ಅಯಾನಿನಲ್ಲಿ ಕಡಿಮೆ. ಆ ಹುಡುಗಿಗೆ ಇಷ್ಟು ಹೇಳಿದ ಮೇಲೆ ಸೂತ್ರ ಬಾಯಿಪಾಠ ಮಾಡಿಸುವ ಅಗತ್ಯ ಬೀಳಲಿಲ್ಲ.

ಹೊಲಕ್ಕೆ ಹಾಕುವ ಪೊಟ್ಯಾಶ್ ಗೊಬ್ಬರದಲ್ಲೇ ಈ ಲೆಕ್ಕ ಮಾಡಿ ನೋಡೋಣ. ಅದು ಪೊಟ್ಯಾಸಿಯಂ ಕ್ಲೋರೈಡ್. ಪೊಟ್ಯಾಸಿಯಂ ತನ್ನ 19ರಲ್ಲಿ ಒಂದನ್ನು ಕೊಟ್ಟು 18ಕ್ಕೆ ಇಳಿಯಿತು, ಆವೇಶ ಪ್ಲಸ್ ಒಂದು. ಕ್ಲೋರಿನ್ ತನ್ನ 17ಕ್ಕೆ ಒಂದನ್ನು ಸೇರಿಸಿಕೊಂಡು 18ಕ್ಕೆ ಏರಿತು, ಆವೇಶ ಮೈನಸ್ ಒಂದು. ಕೊಟ್ಟದ್ದು, ತೆಗೆದುಕೊಂಡದ್ದು ಸರಿಹೊಂದಿತು. ಕ್ಯಾಲ್ಸಿಯಂ ಎರಡು ಕೊಡುತ್ತದೆ, 20ರಿಂದ 18. ಆ ಎರಡನ್ನು ತೆಗೆದುಕೊಳ್ಳಲು ಎರಡು ಕ್ಲೋರಿನ್ ಬೇಕು. ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಕ್ಲೋರಿನ್ ಪಕ್ಕ 2 ಏಕಿದೆ ಎಂಬುದಕ್ಕೂ ಇದೇ ಉತ್ತರ.

ಮೂರು ಅಯಾನುಗಳಲ್ಲೂ 18 ಎಲೆಕ್ಟ್ರಾನ್ ಇದ್ದರೆ ಮೂರೂ ಒಂದೇ ಆದವೇ? ಇಲ್ಲ. ಆರ್ಗಾನ್ ಅನಿಲದಲ್ಲೂ 18 ಇವೆ. ಪ್ರೋಟಾನ್‌ಗಳು 17, 18, 19, 20 ಎಂದು ಬೇರೆಬೇರೆ ಇರುವುದರಿಂದ ಅವು ಬೇರೆಬೇರೆ ಧಾತುಗಳೇ. ಪ್ರೋಟಾನ್ ಹೆಚ್ಚಿದ್ದಷ್ಟೂ ಅದೇ 18 ಎಲೆಕ್ಟ್ರಾನ್‌ಗಳನ್ನು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಆದ್ದರಿಂದ ಪೊಟ್ಯಾಸಿಯಂ ಅಯಾನಿಗಿಂತ ಕ್ಯಾಲ್ಸಿಯಂ ಅಯಾನು ಚಿಕ್ಕದು. ಗಾತ್ರದ ಏರಿಕೆ-ಇಳಿಕೆ ಕ್ರಮ ಕೇಳುವ ಪ್ರಶ್ನೆಗಳಿಗೆ ಇಷ್ಟು ಸಾಕು.

ಹಲವು ಪರಮಾಣುಗಳು ಸೇರಿದ ಅಯಾನಿಗೂ ನಿಯಮ ಬದಲಾಗದು. ಎಲ್ಲರ ಎಲೆಕ್ಟ್ರಾನ್ ಕೂಡಿ, ಕೊನೆಯಲ್ಲಿ ಒಮ್ಮೆ ಮಾತ್ರ ಬಾಕಿ ಸರಿಪಡಿಸಿ. ಬಾಗಲಕೋಟೆ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳು ಬಳಸುವ ಸುಣ್ಣದಕಲ್ಲಿನಲ್ಲಿ ಕಾರ್ಬೋನೇಟ್ ಇದೆ. ಕಾರ್ಬನ್ 6, ಮೂರು ಆಮ್ಲಜನಕ 24, ಎರಡು ಋಣ, ಒಟ್ಟು 32. ಸಲ್ಫೇಟ್‌ನಲ್ಲಿ ಗಂಧಕ 16, ನಾಲ್ಕು ಆಮ್ಲಜನಕ 32, ಋಣ ಎರಡು, ಒಟ್ಟು 50. ಅಮೋನಿಯಂನಲ್ಲಿ ಸಾರಜನಕ 7, ನಾಲ್ಕು ಜಲಜನಕ 4, ಒಂದು ಕೊಟ್ಟಾಗಿದೆ, ಉಳಿದದ್ದು 10.

ಇನ್ನು ಕಬ್ಬಿಣಕ್ಕೆ ಬರೋಣ. ಬಾದಾಮಿಯ ಮರಳುಗಲ್ಲು ಕೆಂಪಗಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. 578ರ ಶಾಸನವಿರುವ ಮೂರನೇ ಗುಹೆಯ ಗೋಡೆಯಲ್ಲೂ ಆ ಕೆಂಪೇ ಇದೆ. ಅಲ್ಲಿರುವುದು ಫೆರಿಕ್ ಅಯಾನು. ಕಬ್ಬಿಣದ 26ರಲ್ಲಿ ಮೂರು ಹೋಗಿ 23 ಎಲೆಕ್ಟ್ರಾನ್. ನಮ್ಮ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕ ಹೊರುವುದು ಫೆರಸ್ ಅಯಾನು, ಅದರಲ್ಲಿ ಎರಡೇ ಹೋಗಿ 24. ಶಾಲೆ-ಕಾಲೇಜಿನ ಹೆಣ್ಣುಮಕ್ಕಳಿಗೆ ರಕ್ತಹೀನತೆ ತಡೆಯಲು ವಾರಕ್ಕೊಮ್ಮೆ ಕೊಡುವ ಮಾತ್ರೆಯಲ್ಲಿರುವುದೂ ಫೆರಸ್. ಹಿಮೋಗ್ಲೋಬಿನ್‌ನ ಕಬ್ಬಿಣ ಇನ್ನೊಂದು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ ಆಯಿತೆಂದರೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ. ನೈಟ್ರೇಟ್ ಹೆಚ್ಚಿರುವ ಬಾವಿ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಎಳೆಗೂಸುಗಳ ಮೈ ನೀಲಿಗಟ್ಟುವುದು ಇದರಿಂದಲೇ. 24 ಮತ್ತು 23ರ ನಡುವಿನ ಅಂತರ ಒಂದು ಮಗುವಿನ ಉಸಿರಿನಷ್ಟು.

ಕಬ್ಬಿಣದ ಪ್ರಶ್ನೆಯಲ್ಲಿ ಒಂದು ಎಚ್ಚರ ಬೇಕು. ಎಲೆಕ್ಟ್ರಾನ್ ವಿನ್ಯಾಸ ಬರೆಯುವಾಗ 4ಎಸ್ ಮೊದಲು ತುಂಬಿ ನಂತರ 3ಡಿ ತುಂಬುತ್ತೇವೆ. ಆದರೆ ಅಯಾನು ಆಗುವಾಗ ಮೊದಲು ಹೋಗುವುದು ಹೊರಗಿನ 4ಎಸ್‌ನ ಎರಡು. ಆದ್ದರಿಂದ ಫೆರಸ್‌ನಲ್ಲಿ 3ಡಿ ಆರು, ಫೆರಿಕ್‌ನಲ್ಲಿ 3ಡಿ ಐದು.

ಕುಡಿಯುವ ನೀರಿನ ವರದಿ ಓದಲೂ ಈ ಲೆಕ್ಕ ಬೇಕು. ಬಾಗಲಕೋಟೆ ಜಿಲ್ಲೆಯ ಕೆಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಭಾರತೀಯ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಫ್ಲೋರಿನ್, ಫ್ಲೋರೈಡ್ ಎರಡನ್ನೂ ಒಂದೇ ಎಂದುಕೊಂಡು ‘ನೀರಲ್ಲಿ ವಿಷಾನಿಲ’ ಎಂದು ಹೆದರಿಸುವ ಸಂದೇಶಗಳು ಮೊಬೈಲ್‌ಗೆ ಬರುತ್ತಿರುತ್ತವೆ. ಫ್ಲೋರಿನ್ ಅನಿಲದ ಪರಮಾಣುವಿಗೆ 9 ಎಲೆಕ್ಟ್ರಾನ್. ಅದು ಎದುರಿಗೆ ಸಿಕ್ಕ ಬಹುತೇಕ ಎಲ್ಲದರಿಂದಲೂ ಎಲೆಕ್ಟ್ರಾನ್ ಕಸಿಯುತ್ತದೆ. ಫ್ಲೋರೈಡ್‌ಗೆ 10. ಅದಕ್ಕೆ ಬೇಕಾದದ್ದು ಸಿಕ್ಕಾಗಿದೆ, ಕಸಿಯುವ ಹಸಿವಿಲ್ಲ. ಹಾಗೆಂದು ಅದು ನಿರಪಾಯಕಾರಿಯೂ ಅಲ್ಲ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತವೆ, ಮೂಳೆ ಬಿರುಸಾಗುತ್ತದೆ. ಹೆದರಿಕೆ ಯಾವುದಕ್ಕೆ, ಪರೀಕ್ಷೆ ಯಾವುದಕ್ಕೆ ಎಂದು ಊರಿನವರಿಗೆ ತಿಳಿಸಿ ಹೇಳುವ ಕೆಲಸ ಓದಿದವರದು.

‘ಇದೆಲ್ಲ ಪಿಯುಸಿಗೆ ಮುಗಿಯಿತು, ಬಿಇಯಲ್ಲಿ ಯಾರು ಕೇಳುತ್ತಾರೆ’ ಎನ್ನುವವರೂ ಇದ್ದಾರೆ. ಮೊದಲ ವರ್ಷದ ರಸಾಯನ ವಿಜ್ಞಾನದಲ್ಲಿ ಬ್ಯಾಟರಿ ಪಾಠ ತೆರೆದರೆ ಸಿಗುವುದು ಇದೇ ಉದ್ರಿ ಲೆಕ್ಕ. ಲಿಥಿಯಂ ತನ್ನ ಮೂರರಲ್ಲಿ ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಅಯಾನಾಗಿ ಬ್ಯಾಟರಿಯ ಒಳಗೆ ಸಾಗುತ್ತದೆ, ಆ ಎಲೆಕ್ಟ್ರಾನ್ ಹೊರಗಿನ ತಂತಿಯಲ್ಲಿ ಹರಿದು ನಮ್ಮ ಕೆಲಸ ಮಾಡಿಕೊಡುತ್ತದೆ. 5,000 ಮಿಲಿ ಆಂಪಿಯರ್-ಅವರ್ ಎಂದು ಬರೆದ ಮೊಬೈಲ್ ಬ್ಯಾಟರಿ ಪೂರ್ತಿ ಖಾಲಿಯಾಗುವಷ್ಟರಲ್ಲಿ 18,000 ಕೂಲಂಬ್ ಆವೇಶ ಹರಿದಿರುತ್ತದೆ. ಎಲೆಕ್ಟ್ರಾನ್ ಲೆಕ್ಕದಲ್ಲಿ 1ರ ಮುಂದೆ 23 ಸೊನ್ನೆ ಇಟ್ಟದ್ದಕ್ಕಿಂತ ತುಸು ಹೆಚ್ಚು. ಈ ಬ್ಯಾಟರಿ ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಅವರಿಗೆ 2019ರ ನೊಬೆಲ್ ಬಂತು. ವಿದ್ಯುತ್ ವಾಹನ, ಸೌರಶಕ್ತಿ ಕಂಪನಿಗಳಲ್ಲಿ ಕೆಲಸ ಹುಡುಕುವ ನಮ್ಮ ತಲೆಮಾರಿಗೆ ಇದು ಅನ್ನದ ಪ್ರಶ್ನೆಯೂ ಹೌದು. ರೈಲ್ವೆ, ಪೊಲೀಸ್ ನೇಮಕಾತಿಯ ಸಾಮಾನ್ಯ ವಿಜ್ಞಾನದಲ್ಲೂ ಇದೇ ಬುನಾದಿಯ ಪ್ರಶ್ನೆಗಳು ಬರುತ್ತವೆ.

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಎಷ್ಟೋ ಮಂದಿ ಪಿಯುಸಿಯ ಮೊದಲ ತಿಂಗಳಲ್ಲೇ ‘ಸೈನ್ಸ್ ನಮಗಲ್ಲ’ ಎಂದು ಹಿಂದೆ ಸರಿಯುತ್ತಾರೆ. ವಿಷಯ ಕಠಿಣವೆಂದಲ್ಲ. ಹಳೆಯ ಪದಗಳನ್ನು ಬಾಗಿಲಲ್ಲೇ ಬಿಟ್ಟು ಬರಬೇಕು ಎಂದುಕೊಂಡುಬಿಡುತ್ತಾರೆ. ಬಿಡಬೇಡಿ. ಪುಸ್ತಕದಲ್ಲಿ ಕ್ಯಾಟಯಾನ್ ಎಂದು ಓದಿ, ಮನಸ್ಸಿನಲ್ಲಿ ಕೊಟ್ಟವನು ಎಂದುಕೊಳ್ಳಿ. ಆನಯಾನ್ ಎಂದು ಓದಿ, ಋಣಗಾರ ಎಂದುಕೊಳ್ಳಿ. ಇವತ್ತೇ ಗೊಬ್ಬರದ ಚೀಲ, ಉಪ್ಪಿನ ಪೊಟ್ಟಣ, ಕುಡಿಯುವ ನೀರಿನ ಬಾಟಲಿ ಎದುರಿಗಿಟ್ಟುಕೊಂಡು ಅವುಗಳ ಮೇಲೆ ಬರೆದಿರುವ ಒಂದೊಂದು ಹೆಸರಿಗೂ ಎಲೆಕ್ಟ್ರಾನ್ ಎಣಿಸಿ. ಹತ್ತು ಹೆಸರು ಮುಗಿಯುವಷ್ಟರಲ್ಲಿ ಕೂಡಬೇಕೋ ಕಳೆಯಬೇಕೋ ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ.