ಹ್ಯಾವ್‌ಲಾಕ್‌ನಲ್ಲಿ ಒಂದು ದಿನ ಹೆಚ್ಚು

ಮೇ ಮೂರನೇ ವಾರ ಬಂತೆಂದರೆ ‘ಅಂಡಮಾನ್‌ಗೆ ಮುಂಗಾರು ಪ್ರವೇಶ’ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದೇ ಬರುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಅಲ್ಲಿಗೆ ಬಂದ ಮಳೆ ಹತ್ತು ಹನ್ನೆರಡು ದಿನಕ್ಕೆ ಕೇರಳ ಮುಟ್ಟುತ್ತದೆ, ಮತ್ತೆ ನಾಲ್ಕೈದು ದಿನಕ್ಕೆ ನಮ್ಮ ತೋಟ. ಸೌದೆ ಕೊಟ್ಟಿಗೆಗೆ ತುಂಬುವುದು, ದರಗು ಗುಡಿಸಿ ತರುವುದು, ಹೆಂಚು ಸರಿಮಾಡಿಸುವುದು ಎಲ್ಲ ಆ ಸುದ್ದಿಯ ಮೇಲೆ ಶುರುವಾಗುತ್ತಿತ್ತು. ನನಗೆ ಅಂಡಮಾನ್ ಎಂದರೆ ಬಹಳ ಕಾಲ ಮಳೆ ನಮ್ಮ ಕಡೆಗೆ ಹೊರಡುವ ಊರು, ಅಷ್ಟೇ.

ಅದೇ ಊರಿಗೆ ದಸರಾ ರಜೆಯಲ್ಲಿ ಆರು ಟಿಕೆಟ್ ಮಾಡಿಸಿದ ಮೇಲೆ ಮಳೆಯ ಮೇಲಿದ್ದ ನನ್ನ ಪ್ರೀತಿಯೆಲ್ಲ ಆತಂಕವಾಯಿತು. ಹೊರಡುವ ಹತ್ತು ದಿನ ಮೊದಲಿನಿಂದ ಫೋನಿನಲ್ಲಿ ಹವಾಮಾನ ನೋಡಿದ್ದೇ ನೋಡಿದ್ದು. ಏಳು ದಿನಕ್ಕೆ ಏಳು ಕಪ್ಪು ಮೋಡ, ಪ್ರತಿ ಮೋಡದ ಕೆಳಗೆ ಹನಿ, ಎರಡರಲ್ಲಿ ಮಿಂಚು. ಮುಂದೂಡಿದರೆ ದುಡ್ಡು ಹೋಗುತ್ತದೆ, ಹೊರಟರೆ ಮಕ್ಕಳು ಹೋಟೆಲ್ ಕೋಣೆಯಲ್ಲಿ ಕೂರಬೇಕಾಗುತ್ತದೆ. ನನ್ನ ಒದ್ದಾಟ ನೋಡಿ ಅಮ್ಮ, ‘ಮಳೆ ಬಂದ್ರೆ ಬರ್ಲಿ ಬಿಡೋ, ನಾವೇನು ಮಳೆ ಕಾಣದವರಾ?’ ಎಂದರು.

ಅಮ್ಮ ಹೇಳಿದ್ದರಲ್ಲಿ ಲೆಕ್ಕವೂ ಇತ್ತು. ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ವರ್ಷಕ್ಕೆ ಬೀಳುವ ಮಳೆ 3,000 ಮಿ.ಮೀ. ಆಸುಪಾಸು. ನಮ್ಮ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಆದರೆ ಅಲ್ಲಿ ಮುಂಗಾರು, ಹಿಂಗಾರು ಎರಡೂ ಸುರಿಯುವುದರಿಂದ ಮೇ ತಿಂಗಳಿಂದ ಡಿಸೆಂಬರ್‌ವರೆಗೂ ಮಳೆಯ ದಿನಗಳೇ. ಹಾಗೆಂದು ಆಷಾಢದ ಮಲೆನಾಡಿನಂತೆ ಹಗಲಿರುಳು ಜಡಿ ಹಿಡಿಯುವುದು ಕಡಿಮೆ. ಬೆಚ್ಚಗಿನ ಕಡಲಿನಿಂದ ಎದ್ದ ಮೋಡ ಇದ್ದಲ್ಲೇ ಬೆಳೆದು, ಒಂದು ಗಂಟೆ ಹುಯ್ದು, ಅಲ್ಲೇ ಕರಗಿಹೋಗುತ್ತದೆ. ಯಾವ ದ್ವೀಪದ ನೆತ್ತಿಯ ಮೇಲೆ ಯಾವ ಹೊತ್ತಿಗೆ ನಿಲ್ಲುತ್ತದೆ ಎಂದು ಮುನ್ನಾದಿನ ಹೇಳುವುದು ಯಾರಿಗೂ ಕಷ್ಟ. ಹೀಗಾಗಿ ಫೋನಿನಲ್ಲಿ ಏಳೂ ದಿನ ಅದೇ ಚಿತ್ರ. ಬೆಳಗ್ಗೆ ಐದೂವರೆಗೆಲ್ಲ ಬೆಳಕಾಗುವ ಆ ಊರಿನಲ್ಲಿ ಏಳಕ್ಕೇ ನೀರಿಗಿಳಿದವರಿಗೆ ಮಧ್ಯಾಹ್ನದ ಮಳೆಯಿಂದ ನಷ್ಟವೇನಿಲ್ಲ. ನಾವು ಮೊದಲ ಮೂರು ದಿನ ಹೀಗೇ ಕಳೆದೆವು. ಹ್ಯಾವ್‌ಲಾಕ್ ದ್ವೀಪದ ರಾಧಾನಗರ ಕಡಲತೀರದಲ್ಲಿ ಮಳೆ ಸುರಿಯುವಾಗ ಮಕ್ಕಳು ನೀರಿನಿಂದ ಮೇಲೇಳಲೇ ಇಲ್ಲ.

ನಾನು ಹೆದರಬೇಕಾಗಿದ್ದುದು ಬೇರೆಯದಕ್ಕೆ. ಅದು ಗೊತ್ತಾಗಿದ್ದು ನಾಲ್ಕನೇ ದಿನ, ಸುಡುಬಿಸಿಲಿನಲ್ಲಿ.

ಹ್ಯಾವ್‌ಲಾಕ್‌ನಿಂದ (ಇದು 2018ರಿಂದ ಸ್ವರಾಜ್ ದ್ವೀಪ) ವಾಪಸ್ ಹೊರಡುವ ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಜೆಟ್ಟಿಗೆ ಬಂದರೆ ಜನಕ್ಕೆ ಬದಲಾಗಿ ಬ್ಯಾಗುಗಳು ಸಾಲಿನಲ್ಲಿ ನಿಂತಿವೆ, ಜನ ನೆರಳಿನಲ್ಲಿ ಕೂತಿದ್ದಾರೆ. ಹಡಗು ರದ್ದು ಎಂದರು. ನಾನು ಆಕಾಶ ತೋರಿಸಿದೆ. ಜೆಟ್ಟಿಯ ಹಿರಿಯ ಕೆಲಸಗಾರರೊಬ್ಬರು ಆಕಾಶ ನೋಡಲೇ ಇಲ್ಲ, ಕೆಳಗೆ ನೀರು ತೋರಿಸಿದರು. ಕಟ್ಟೆಗೆ ಕಟ್ಟಿದ್ದ ಹಳೇ ಟೈರುಗಳು ಪ್ರತಿ ಅಲೆಗೂ ಮೊಣಕಾಲೆತ್ತರ ಏರಿ, ಕೀರಲುತ್ತ ಇಳಿಯುತ್ತಿದ್ದವು. ‘ಇಲ್ಲಿ ಬಿಸಿಲು ಸರಿ. ನಡುಗಡಲಿನಲ್ಲಿ ಗಾಳಿ ಇದೆ’ ಎಂದರು. ದೂರದಲ್ಲೆಲ್ಲೋ ವಾಯುಭಾರ ಕುಸಿತವಾಗಿತ್ತು. ಅದರ ಮೋಡ ನಮ್ಮವರೆಗೆ ಬಂದಿರಲಿಲ್ಲ, ಅಲೆ ಬಂದಿತ್ತು. ಇದು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಜೂನ್‌ನಲ್ಲಿ ಬಿಸಿಲು ಕಾದ ದಿನವೂ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಘಟ್ಟದ ಮೇಲಿನ ನನಗೆ ತಿಳಿದಿರಲಿಲ್ಲ.

ಪ್ಯಾಕೇಜ್ ಮಾಡಿಕೊಟ್ಟವರು ಅದೇ ದಿನ ಹಡಗಿನಿಂದ ಇಳಿದು ಮಧ್ಯಾಹ್ನದ ವಿಮಾನ ಹತ್ತುವ ಹಾಗೆ ಯೋಜಿಸಿದ್ದರು. ನಾವು ದ್ವೀಪದಲ್ಲೇ ಉಳಿದೆವು, ವಿಮಾನ ಹೊತ್ತಿಗೆ ಸರಿಯಾಗಿ ಹಾರಿತು. ಹಡಗಿನ ದುಡ್ಡು ವಾಪಸ್ ಬಂತು. ವಿಮಾನದ್ದು ಬರಲಿಲ್ಲ, ಏಕೆಂದರೆ ರದ್ದಾಗಿದ್ದು ಹಡಗೇ ಹೊರತು ವಿಮಾನವಲ್ಲ. ವಿಮಾನವೇ ರದ್ದಾದರೆ ಪೂರ್ತಿ ಹಣ ಅಥವಾ ಬೇರೆ ವಿಮಾನ ಕೊಡಬೇಕೆಂಬ ನಿಯಮವಿದೆ. ಹವಾಮಾನದ ಕಾರಣಕ್ಕಾದರೆ ಅದರ ಮೇಲೆ ಪರಿಹಾರ ಕೇಳುವಂತಿಲ್ಲ. ಎರಡು ಟಿಕೆಟ್‌ಗಳ ನಡುವೆ ಸಿಕ್ಕಿಬಿದ್ದವರನ್ನು ಮಾತ್ರ ಯಾವ ನಿಯಮವೂ ಕಾಯುವುದಿಲ್ಲ. ಈ ನಷ್ಟಕ್ಕೂ ಅನ್ವಯಿಸುತ್ತದೆಯೇ ಎಂದು ಓದಿ ನೋಡಿಯೇ ಪ್ರವಾಸ ವಿಮೆ ಮಾಡಿಸಬೇಕು.

ನಮ್ಮದು ಒಂದೇ ದಿನದ ಕಥೆ. 2016ರ ಡಿಸೆಂಬರ್ ಮೊದಲ ವಾರದಲ್ಲಿ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ 1,000ಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಬಿದ್ದು, ಕರೆತರಲು ನೌಕಾಪಡೆಯ ಹಡಗುಗಳೇ ಹೊರಡಬೇಕಾಯಿತು. ಆ ಗಾಳಿಯೇ ಬಲಿತು ವಾರ್ದಾ ಚಂಡಮಾರುತವಾಗಿ ಡಿಸೆಂಬರ್ 12ರಂದು ಚೆನ್ನೈಗೆ ಅಪ್ಪಳಿಸಿತು. ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ ಎನ್ನುವ ಮಾತು ನಿಜ, ಆದರೆ ಪೂರ್ತಿ ನಂಬುವಂಥದ್ದಲ್ಲ. 2019ರ ಜನವರಿ 4ರಂದು ಪಾಬುಕ್ ಚಂಡಮಾರುತ ದಕ್ಷಿಣ ಥಾಯ್ಲೆಂಡ್‌ಗೆ ಅಪ್ಪಳಿಸಿ, ಆ ನೆಲವನ್ನೂ ದಾಟಿ ಅಂಡಮಾನ್ ಸಮುದ್ರಕ್ಕೆ ಇಳಿಯಿತು. 2022ರ ಮಾರ್ಚ್‌ನಲ್ಲಿ ಚಂಡಮಾರುತ ಎದ್ದೇ ಏಳುತ್ತದೆಂದು ದ್ವೀಪಗಳ ನಡುವಿನ ಹಡಗುಗಳನ್ನು ನಿಲ್ಲಿಸಿದರು. ‘ಅಸಾನಿ’ ಎಂಬ ಹೆಸರೂ ಕಾದಿತ್ತು. ಅದು ಚಂಡಮಾರುತವಾಗದೆ ಮ್ಯಾನ್ಮಾರ್ ಕಡೆ ಸರಿದುಹೋಯಿತು, ಆ ಹೆಸರು ಮೇ ತಿಂಗಳಲ್ಲಿ ಎದ್ದ ಇನ್ನೊಂದರ ಪಾಲಾಯಿತು. ರಜೆ ಕಳೆದುಕೊಂಡವರಿಗೆ ಆಗ ಸಿಟ್ಟು ಬಂದಿರಬಹುದು. ಆ ಹಡಗುಗಳನ್ನು ನಿಲ್ಲಿಸಿದ್ದೇ ಸರಿ ಎನ್ನುತ್ತೇನೆ ನಾನು. ಆ ಟೈರುಗಳನ್ನು ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಕರ್ನಾಟಕದವರಿಗೆ ಇನ್ನೊಂದು ತೊಡಕಿದೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದು ಏಪ್ರಿಲ್‌ನಿಂದ ಜೂನ್, ಅಕ್ಟೋಬರ್‌ನಿಂದ ಡಿಸೆಂಬರ್. ನಮ್ಮ ಶಾಲೆಗಳ ಬೇಸಿಗೆ ರಜೆ, ದಸರಾ ರಜೆ ಎರಡೂ ಬಂದು ಬೀಳುವುದು ಅಲ್ಲಿಗೇ. ರಜೆ ಬದಲಿಸಲು ಆಗುವುದಿಲ್ಲ. ಪ್ರವಾಸದ ಅನುಕ್ರಮ ಬದಲಿಸಬಹುದು: ಇಳಿದ ಮರುದಿನವೇ ದೂರದ ದ್ವೀಪಗಳಿಗೆ ಹೋಗಿಬಿಡಿ, ಸೆಲ್ಯುಲರ್ ಜೈಲು, ರಾಸ್ ದ್ವೀಪ ಕೊನೆಗಿರಲಿ. ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಸಾಧ್ಯವಾದರೆ ಅದಕ್ಕೂ ಹಿಂದೆ ಒಂದು ಖಾಲಿ ದಿನ ಬಿಡಿ. ನೋಡಬೇಕಾದ್ದು ಮಳೆಹನಿಯ ಚಿತ್ರವನ್ನಲ್ಲ, ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನು. ಅಂಡಮಾನ್ ಸಮುದ್ರದಲ್ಲಿ ಗಾಳಿ ಗಂಟೆಗೆ 45–55 ಕಿ.ಮೀ. ಎಂದಿದ್ದರೆ ದ್ವೀಪದಲ್ಲಿ ಬಿಸಿಲಿದ್ದರೂ ಹಡಗು ಹೊರಡುವುದು ಅನುಮಾನ. ಅಂಥ ಮುನ್ಸೂಚನೆ ಕಂಡ ದಿನವೇ ಮೊದಲ ಹಡಗಿಗೆ ವಾಪಸಾಗಿ. ನಾವು ಹೀಗೆ ಮಾಡಿದ್ದರೆ ಆರು ಟಿಕೆಟ್‌ಗಳ ದುಡ್ಡು ಉಳಿಯುತ್ತಿತ್ತು.

ಆ ದಿನ ನಾನು ಫೋನ್ ಹಿಡಿದು ಜೆಟ್ಟಿಯಲ್ಲೇ ಓಡಾಡಿದೆ. ಅಮ್ಮ ಮಾತ್ರ ಮೊಮ್ಮಗಳ ಕೈ ಹಿಡಿದು ರಸ್ತೆಗುಂಟ ನಡೆದುಹೋದರು. ಹುಡುಕಿಕೊಂಡು ಹೋದಾಗ ಒಂದು ಅಡಿಕೆ ತೋಟದ ಬದಿಯ ಮನೆಯಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಎದುರಿಗೆ ಬಂಗಾಳಿ ಮಾತಾಡುವ ಅವರದೇ ವಯಸ್ಸಿನ ಹೆಂಗಸು, ನಡುವೆ ಟಾರ್ಪಾಲಿನ ಮೇಲೆ ಹರಡಿದ ಅಡಿಕೆ. ಅಮ್ಮ ಒಂದನ್ನು ಉಗುರಿನಿಂದ ಒತ್ತಿ, ಮೂಸಿ, ‘ಇನ್ನೂ ಹಸಿ ಉಂಟು. ಈ ಮಳೇಲಿ ಹೆಂಗೆ ಒಣಗಿಸ್ತಾರೆ ಕೇಳು’ ಎಂದರು. ಮಗಳು ಹಿಂದಿಯಲ್ಲಿ ಕೇಳಿದಳು. ಆ ಹೆಂಗಸು ನಕ್ಕು, ಆಕಾಶದ ಕಡೆ ಕೈಯೆತ್ತಿ ಏನೋ ಹೇಳಿ, ತಿರುಗಿ ತಾವೊಂದು ಕೇಳಿದರು. ಇಲ್ಲಿ ಮಳೆ ಶುರುವಾದ ಮೇಲೆ ನಿಮ್ಮೂರಿಗೆ ಬರಲು ಎಷ್ಟು ದಿನ ಬೇಕು?

‘ಹದಿನೈದು ದಿನ ಅಂತ ಹೇಳು’ ಎಂದರು ಅಮ್ಮ, ಕೈಯಲ್ಲಿದ್ದ ಅಡಿಕೆಯನ್ನು ಟಾರ್ಪಾಲಿನ ಬಿಸಿಲು ಬೀಳುವ ಬದಿಗೆ ಸರಿಸುತ್ತ.