ಕಂಪನಿಯ ಸಮಾಜಸೇವೆ ಆಫೀಸಿನ ಒಳಗೂ ಇದೆಯಾ?

ಕಂಪನಿಗಳು ಹಳ್ಳಿ ಶಾಲೆಗೆ ಬೆಂಚು ಕೊಡಿಸ್ತವೆ, ಕೆರೆ ಹೂಳು ತೆಗೆಸ್ತವೆ. ಒಳ್ಳೇದೇ. ಆದರೆ ಅದೇ ಆಫೀಸಿನೊಳಗೆ ಯಾರಾದರೂ ಜಾತಿ ನೋಡಿ ಭೇದ ಮಾಡಿದರೆ?

ಮೊದಲು ದುಡ್ಡಿನ ಲೆಕ್ಕ. 2013ರ ಕಂಪನಿ ಕಾಯ್ದೆ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಮಾಡುವ ಕಂಪನಿ ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ 2% ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಸ್ವಂತ ಉದ್ಯೋಗಿಗಳಿಗಷ್ಟೇ ಅನುಕೂಲವಾಗುವ ಕೆಲಸ ಈ ಲೆಕ್ಕಕ್ಕೆ ಬರಲ್ಲ. ಹಾಗಾಗಿ ಸಿಎಸ್‌ಆರ್ ಪುಟ ಎಷ್ಟೇ ಚೆನ್ನಾಗಿದ್ದರೂ, ಒಳಗೆ ಯಾರಿಗೆ ಕೆಲಸ, ಯಾರಿಗೆ ಪ್ರಮೋಷನ್ ಸಿಗ್ತಿದೆ ಅಂತ ಅದು ಹೇಳಲ್ಲ.

‘ನಮ್ಮಲ್ಲಿ ಮೆರಿಟ್ ಮಾತ್ರ’ ಅಂತಾರಲ್ಲ? ಸುಖದೇವ್ ಥೋರಟ್, ಪಾಲ್ ಅಟ್ವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೇಪರ್ ಜಾಹೀರಾತು ನೋಡಿ ಖಾಸಗಿ ಕಂಪನಿಗಳಿಗೆ ಅರ್ಜಿ ಕಳಿಸಿದ್ದು. ಓದು ಒಂದೇ ಥರ, ಹೆಸರು ಮಾತ್ರ ಬೇರೆ. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ, ಇಂಟರ್‌ವ್ಯೂಗೆ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಮೆರಿಟ್ ನೋಡೋಕೆ ಇಂಟರ್‌ವ್ಯೂನೇ ಆಗಿಲ್ಲ!

ಹಾಗಾದರೆ ಮುಖ್ಯಸ್ಥರು ಏನು ಮಾಡಬಹುದು? ಒಂದು, ನಿಯಮದಲ್ಲಿ ‘ಜಾತಿ’ ಅಂತ ಬರೆಯೋದು. 2020ರಲ್ಲಿ ದಲಿತ ಎಂಜಿನಿಯರ್ ಒಬ್ಬರಿಗೆ ಭೇದ ಮಾಡಿದ ಆರೋಪದ ಮೇಲೆ ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆ ಸಿಸ್ಕೋ ವಿರುದ್ಧ ಕೇಸ್ ಹಾಕಿತು. ಸಿಸ್ಕೋ ಆರೋಪ ಒಪ್ಪಲಿಲ್ಲ; ಇಬ್ಬರು ಮೇಲಧಿಕಾರಿಗಳ ಮೇಲಿನ ಕೇಸನ್ನು 2023ರಲ್ಲಿ ಇಲಾಖೆಯೇ ಕೈಬಿಟ್ಟಿತು. ಆದರೆ ಕೇಸ್ ಆದ ಮೇಲೆ ಆಪಲ್, ಐಬಿಎಂ ತಮ್ಮ ನಿಯಮಗಳಿಗೆ ಜಾತಿಯನ್ನೂ ಸೇರಿಸಿದವು.

ಎರಡು, ಎಣಿಸೋದು. ಇದರಲ್ಲಿ ನಮ್ಮ ಮೈಸೂರು ನೂರು ವರ್ಷ ಮುಂದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರು ತೀರಾ ಕಡಿಮೆ ಇದ್ದರು. 7 ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಅವರಿಗೆ ಸಿಗಬೇಕು ಅಂತ ಸಮಿತಿ ಹೇಳಿತು. ದಕ್ಷತೆ ಹಾಳಾಗುತ್ತೆ ಅನ್ನೋ ವಾದ ಆಗಲೂ ಇತ್ತು. ದಿವಾನ್ ವಿಶ್ವೇಶ್ವರಯ್ಯನವರಿಗೂ ಇದು ಒಪ್ಪಿಗೆ ಇರಲಿಲ್ಲ. ಮಹಾರಾಜರು ಹಿಂದೆ ಸರಿಯಲಿಲ್ಲ.

ಇವತ್ತು ಖಾಸಗಿ ಕಂಪನಿಗೆ ಮೀಸಲಾತಿ ಕಡ್ಡಾಯ ಇಲ್ಲ. ಲೈಂಗಿಕ ಕಿರುಕುಳದ ದೂರಿಗೆ 10 ಜನ ಇರುವ ಆಫೀಸಲ್ಲೂ ಸಮಿತಿ ಬೇಕೇ ಬೇಕು. ಜಾತಿ ಭೇದದ ದೂರಿಗೆ ಅಂಥ ನಿಯಮ ಇಲ್ಲ. ಅದಕ್ಕೇ ಮುಖ್ಯಸ್ಥರ ಮನಸ್ಸು ಇಲ್ಲಿ ಮುಖ್ಯ.

ಆಫರ್ ಲೆಟರ್ ಬಂದರೆ, ಜೊತೆಗಿರುವ ಕೋಡ್ ಆಫ್ ಕಂಡಕ್ಟ್ ಪಿಡಿಎಫ್ ತೆಗೀರಿ. ‘ಕಾಸ್ಟ್’ ಅಂತ ಸರ್ಚ್ ಮಾಡಿ. ಸಿಗದಿದ್ದರೆ, ದೂರು ಯಾರಿಗೆ ಕೊಡಬೇಕು ಅಂತ ಎಚ್‌ಆರ್‌ನ ಕೇಳಿ. ಮುಂದಿನ ವಾರ ಸಿಗೋಣ.