ಮತ್ತೆ ಓಡಿದ ‘ಫೇರಿ ಕ್ವೀನ್’

ಉಗಿಬಂಡಿಯ ಎಂಜಿನ್ನನ್ನು ನೀವು ವಸ್ತುಸಂಗ್ರಹಾಲಯದಲ್ಲಿ ನೋಡಿರಬಹುದು. ಬಣ್ಣ ಬಳಿದು ಕಟ್ಟೆಯ ಮೇಲೆ ನಿಲ್ಲಿಸಿದರೆ ಅದರ ಆಕಾರವೇನೋ ಉಳಿಯುತ್ತದೆ. ಆದರೆ ಅದನ್ನು ನಡೆಸುವ ವಿದ್ಯೆ ಉಳಿಯುತ್ತದೆಯೇ? ‘ಫೇರಿ ಕ್ವೀನ್’ ಎಂಬ ಎಂಜಿನ್ನಿನ ಇತಿಹಾಸ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ವಿಕ್ಟೋರಿಯಾ ರಾಣಿಯ ಕಾಲದ ಈ ಎಂಜಿನ್ 1855ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ತಯಾರಾಯಿತು. ಅದೇ ವರ್ಷ ಹಡಗಿನಲ್ಲಿ ಕಲ್ಕತ್ತೆಗೆ ಬಂದಿತು. ಈಸ್ಟ್ ಇಂಡಿಯನ್ ರೈಲ್ವೆ ಕಂಪನಿಯು ಇದಕ್ಕೆ 22ನೆಯ ಸಂಖ್ಯೆ ಕೊಟ್ಟು, ಹೌರಾದಿಂದ ಕಲ್ಲಿದ್ದಲಿನ ಊರಾದ ರಾಣಿಗಂಜ್‌ಗೆ ಹೋಗುವ ಮಾರ್ಗದಲ್ಲಿ ಓಡಿಸಿತು. 1857ರಲ್ಲಿ ಇದು ಸೈನಿಕರ ಗಾಡಿಗಳನ್ನೂ ಎಳೆಯಿತು.

ಇದರ ರಚನೆಯನ್ನು ಗಮನಿಸಿ. ತೂಕ 26 ಟನ್. ಗಾಲಿಗಳು ಮೂರು ಜೊತೆ. ಬಾಯ್ಲರಿನಲ್ಲಿ ಹುಟ್ಟಿದ ಉಗಿ ಎರಡು ಸಿಲಿಂಡರುಗಳಿಗೆ ನುಗ್ಗಿ ಪಿಸ್ಟನ್ನುಗಳನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ. ಅವುಗಳಿಗೆ ಜೋಡಿಸಿದ ಉಕ್ಕಿನ ದಂಡಗಳು ನಡುವಿನ ಎರಡು ದೊಡ್ಡ ಗಾಲಿಗಳನ್ನು ತಿರುಗಿಸುತ್ತವೆ. ಉಳಿದ ನಾಲ್ಕು ಗಾಲಿಗಳು ಭಾರ ಹೊರುವುದಕ್ಕೆ ಮಾತ್ರ. ಆದ್ದರಿಂದ ಹಳಿಯ ಮೇಲೆ ಹಿಡಿತ ಕಡಿಮೆ. ಇದು ಹಗುರವಾದ ಗಾಡಿಗಳನ್ನಷ್ಟೇ ಎಳೆಯಬಲ್ಲದು. ವೇಗ ಗಂಟೆಗೆ ಸುಮಾರು 40 ಕಿಲೋಮೀಟರ್.

1909ರಲ್ಲಿ ಎಂಜಿನ್ ನಿವೃತ್ತಿಯಾಯಿತು. ಹೌರಾದಲ್ಲಿ, ಅನಂತರ ಚಂದೌಸಿಯ ರೈಲ್ವೆ ತರಬೇತಿ ಶಾಲೆಯಲ್ಲಿ, ಮುಂದೆ ದೆಹಲಿಯ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಅದು ಬರಿಯ ಪ್ರದರ್ಶನದ ವಸ್ತುವಾಗಿ ನಿಂತಿತು.

1995ರಲ್ಲಿ ನಮ್ಮ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಉಗಿ ಎಂಜಿನ್‌ಗಳ ದಿನನಿತ್ಯದ ಓಡಾಟ ಮುಗಿಯಿತು. ಉಗಿಯ ಕೆಲಸ ಬಲ್ಲವರು ಆಗಿನ್ನೂ ಇದ್ದರು. ಚೆನ್ನೈನ ಪೆರಂಬೂರು ಕಾರ್ಯಾಗಾರದಲ್ಲಿ ಫೇರಿ ಕ್ವೀನ್‌ಗೆ ಮರುಜೀವ ಬಂದಿತು. 1997ರ ಅಕ್ಟೋಬರಿನಲ್ಲಿ, 88 ವರ್ಷಗಳ ವಿರಾಮದ ನಂತರ, ಅದು ಪ್ರವಾಸಿಗಳನ್ನು ಹೊತ್ತು ದೆಹಲಿಯಿಂದ ಆಳ್ವಾರ್‌ಗೆ ಓಡಿತು. ಜಗತ್ತಿನಲ್ಲಿ ನಿಯತವಾಗಿ ಓಡುವ ಅತ್ಯಂತ ಹಳೆಯ ಉಗಿ ಎಂಜಿನ್ ಎಂದು 1998ರಲ್ಲಿ ಗಿನ್ನೆಸ್ ದಾಖಲೆಗೂ ಸೇರಿತು.

2011ರಲ್ಲಿ ಕಳ್ಳರು ಇದರ ಮುಖ್ಯ ಭಾಗಗಳನ್ನು ಕದ್ದೊಯ್ದರು. ಪೆರಂಬೂರಿನ ಕುಶಲಕರ್ಮಿಗಳು ಎಂಜಿನ್ನಿನ ಬಹುಭಾಗವನ್ನು ಪುನಃ ಕಟ್ಟಬೇಕಾಯಿತು. 2017ರಲ್ಲಿ ಅದು ಮತ್ತೊಮ್ಮೆ ಹಳಿಯ ಮೇಲೆ ಓಡಿತು.

ಭಾಗಗಳು ಹೊಸದಾದರೆ ಎಂಜಿನ್ ಹಳೆಯದು ಹೇಗಾದೀತು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದೊಂದು ಭಾಗ ಬದಲಾದಾಗಲೂ ಹಳೆಯ ಕಾಲದ ಒಂದು ಸಾಕ್ಷ್ಯ ಅಳಿಯುತ್ತದೆ. ಓಡಿಸದೆ ನಿಲ್ಲಿಸಿದರೆ ಕಬ್ಬಿಣ ಉಳಿಯುತ್ತದೆ, ಕೈಗಳ ಕೌಶಲ ಅಳಿಯುತ್ತದೆ. ಕಬ್ಬಿಣವನ್ನು ಮತ್ತೆ ಎರಕ ಹೊಯ್ಯಬಹುದು. ಮರೆತುಹೋದ ವಿದ್ಯೆಯನ್ನು ಮರಳಿ ತರುವುದು ಅಷ್ಟು ಸುಲಭವಲ್ಲ.